ಬೆನ್ನ ಹಿಂದಿನ ಹದಿನೇಳು

ಅಜ್ಜಿ ಎದುರು ಬಂದು ಕೈ ಮುಗಿದಾಗ ರತ್ನಮಾಲಾ ತನ್ನ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಭಾದ್ರಪದದ ಹತ್ತು ದಿನಗಳ ಜೈನ ಪರ್ವ ಮುಗಿದು ಇಂದು ಕ್ಷಮೆ ಕೇಳುವ ದಿನ; ಬೆಳಗಿನಿಂದ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಕೈ ಮುಗಿಯುತ್ತಿದ್ದರು. ಅಪ್ಪ ಅವ್ವನಿಗೆ, ಅವ್ವ ನೀರು ತುಂಬುವ ಹೆಂಗಸಿಗೆ, ಆದಿನಾಥ ಕಾಕಾ ಪಡಸಾಲೆಯ ಬೆಕ್ಕಿಗೆ. "ವರ್ಷದಾಗ ಎರಡು ಸಲ ನಿನಗ ಚಪ್ಪಲಿ ಒಗದೀನಿ, ಕ್ಷಮಾ ಮಾಡವ್ವಾ" ಎಂದು ಅವನು ಬೆಕ್ಕಿನ ಮುಂದೆ ಬಾಗಿದಾಗ ಎಲ್ಲರೂ ನಕ್ಕಿದ್ದರು. ಹತ್ತು ದಿನ ಒಂದೇ ಹೊತ್ತು ಉಂಡು ಇನ್ನಷ್ಟು ಸಣ್ಣಗಾಗಿದ್ದ ಹೀರಾಬಾಯಿ ಅಜ್ಜಿ ಮಾತ್ರ ಇದನ್ನು ಆಟವಾಗಲು ಬಿಡುವವಳಲ್ಲ. ಮೊಮ್ಮಗಳ ಕಣ್ಣನ್ನೇ ನೋಡುತ್ತ, "ಉತ್ತಮ ಕ್ಷಮಾ, ರತ್ನಾ. ನಿನಗ ಏನರ ಬಿರುಸು ಮಾತು ಆಡಿದ್ದರ ಮನಸ್ಸಿನಾಗ ಇಟ್ಕೋಬ್ಯಾಡ" ಎಂದಳು. ರತ್ನಮಾಲಾ ತಿರುಗಿ "ಉತ್ತಮ ಕ್ಷಮಾ" ಅಂದಳು. ಅಂದದ್ದು ಅಜ್ಜಿಗಲ್ಲ, ಅಜ್ಜಿಯ ಹಿಂದಿನ ಗೋಡೆಯ ಮೊಳೆಗೆ. ಆ ಎರಡು ಶಬ್ದಗಳು ಎಣ್ಣೆ ಸವರಿದಂತೆ ನಾಲಗೆಯಿಂದ ಜಾರಿಹೋದವು. ಯಾವ ಮಾತೂ ತಡವರಿಸದೆ ಬಾರದ ತನ್ನ ಬಾಯಿಂದ ಇವು ಇಷ್ಟು ಸಲೀಸಾಗಿ ಬಂದದ್ದಕ್ಕೇ ಅವಳ ಕಿವಿ ಬಿಸಿಯಾಯಿತು.

"ಇವತ್ತ ಹೊಂಟೀಯೇನು ಖಾನಾಪುರಕ್ಕ?" ಅಜ್ಜಿ ಕೇಳಿದಳು.

"ಹೂಂ. ಮಾಸ್ತರ ಜೋಡಿ."

"ಆ ಹೂವಿಗಿ ನಿನ್ನ ಹೆಸರು ಇಡತಾರಂತಲ್ಲ ವಿಲಾಯತಿ ಮಂದಿ. ನಿಮ್ಮಪ್ಪ ಬಸದ್ಯಾಗ ಕಂಡಕಂಡವರಿಗೆಲ್ಲಾ ಹೇಳಕೋತ ತಿರಗ್ಯಾನ." ಅಜ್ಜಿ ಮುಗಿದ ಕೈ ಇಳಿಸಿ, "ನೋಡಿ ಬಾ ಅಷ್ಟ. ಹರೀಬ್ಯಾಡ. ಹೊತ್ತು ಮುಳುಗೂದರಾಗ ಬಂದರ ಊಟ, ಇಲ್ಲಂದರ ಇಲ್ಲ" ಎಂದಳು.

ಮಾಸ್ತರು ಎಂದರೆ ಚನ್ನಬಸಯ್ಯನವರು. ಪುಣೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ, ನಿವೃತ್ತರಾಗಿ, ಬೆಳಗಾವಿಯ ಕ್ಯಾಂಪಿನ ಅಂಚಿನಲ್ಲಿ ಒಂದು ಹಂಚಿನ ಮನೆ ಹಿಡಿದಿದ್ದರು. ಕೊರಳಲ್ಲಿ ಲಿಂಗದ ಕರಡಿಗೆ, ಅದರ ಪಕ್ಕದಲ್ಲೇ ಕರಿಯ ದಾರಕ್ಕೆ ಕಟ್ಟಿದ ಭೂತಗನ್ನಡಿ. ಅವರ ಕೈಕೆಳಗೆ ಓದಿ ಪದವಿ ಪಡೆದ ಹುಡುಗಿಯರು ಇಬ್ಬರೇ. ಒಬ್ಬಳು ಮದುವೆಯಾಗಿ ನಾಗಪುರಕ್ಕೆ ಹೋಗಿದ್ದಳು, ಉಳಿದವಳು ರತ್ನಮಾಲಾ. ಹೋದ ವರ್ಷ ಖಾನಾಪುರದ ಆಚೆಯ ಎತ್ತರದ ಕಲ್ಲುಬಯಲಿನಿಂದ ಅವಳು ತಂದ ಒಂದು ನೆಲದ ಆರ್ಕಿಡ್ಡನ್ನು ಅವರು ಲಂಡನ್ನಿಗೆ ಕಳಿಸಿದ್ದರು. ಹನ್ನೊಂದು ತಿಂಗಳ ಮೇಲೆ ಉತ್ತರ ಬಂದಿತ್ತು. ಇದು ನಮ್ಮಲ್ಲಿರುವ ಯಾವುದಕ್ಕೂ ಹೊಂದುವುದಿಲ್ಲ. ಇದರ ಹತ್ತಿರದ ನಂಟರು ಇರುವುದು ಹಿಮಾಲಯದಲ್ಲಿ, ಮರಗಳೆಲ್ಲ ಮುಗಿದ ಮೇಲೆ, ಹಿಮಕ್ಕೆ ತುಸು ಕೆಳಗಿನ ಹುಲ್ಲುಗಾವಲುಗಳಲ್ಲಿ. ಹೊಸ ಹೆಸರಿನಡಿ ವರ್ಣನೆ ಅಚ್ಚಿಗೆ ಹೋಗಿದೆ. ಸಂಗ್ರಹಿಸಿದಾಕೆಯ ಹೆಸರನ್ನೇ ಇಟ್ಟಿದ್ದೇವೆ. ಲೇಬಲ್ಲಿನಲ್ಲಿ 'ಹೇರಳವಾಗಿದೆ' ಎಂದಿರುವುದರಿಂದ ದಯವಿಟ್ಟು ಜೀವಂತ ಗಡ್ಡೆಗಳನ್ನು, ಆರಾದರೂ ಸರಿ, ಕಳಿಸಿಕೊಡಿ.

ಹೇರಳ. ಟಾಂಗಾದಲ್ಲಿ ಸ್ಟೇಷನ್ನಿಗೆ ಹೋಗುವಾಗ ಮಾಸ್ತರು ಆ ಕಾಗದವನ್ನು ಮತ್ತೊಮ್ಮೆ ತೆಗೆದು ಓದಿದರು. ಅವಳು ಕುದುರೆಯ ಕಿವಿ ನೋಡುತ್ತಿದ್ದಳು. ಆ ಶಬ್ದ ಬರೆದದ್ದು ಅವಳೇ, ತನ್ನ ದುಂಡನೆಯ ಅಕ್ಷರದಲ್ಲಿ. ಬರೆಯುವ ಮೊದಲು ಅದನ್ನು ಬಾಯಿಂದಲೂ ಆಡಿದ್ದಳು. ಮೂರು ಹಾಳೆಗಳ ಮೇಲೆ ಒತ್ತಿ ಒಣಗಿಸಿದ ಮೂರು ಗಿಡಗಳನ್ನು ಅವರ ಮೇಜಿನ ಮೇಲೆ ಇಟ್ಟಾಗ ಮಾಸ್ತರು ಭೂತಗನ್ನಡಿ ಕಣ್ಣಿಗೆ ಹಿಡಿದು, ಉಸಿರು ಬಿಗಿಹಿಡಿದು, "ಇನ್ನೂ ಅದಾವೇನು ತಂಗಿ ಅಲ್ಲೆ?" ಎಂದಿದ್ದರು. "ಬೇಕಾದಷ್ಟು ಅದಾವ್ರಿ" ಎಂದಿದ್ದಳು ಅವಳು. ತೊದಲದೆ. ಕಾಲೇಜಿನ ನಾಲ್ಕು ವರ್ಷಗಳಲ್ಲಿ ಒಂದು ಸಲವೂ ಅವರ ಪ್ರಶ್ನೆಗೆ ಹಾಗೆ ಥಟ್ಟನೆ, ಗಟ್ಟಿಯಾಗಿ ಉತ್ತರ ಕೊಟ್ಟವಳಲ್ಲ. ಮಾಸ್ತರು ತಲೆ ಎತ್ತಿ ಹೆಮ್ಮೆಯಿಂದ ನೋಡಿದ್ದರು.

ಹೆಂಗಸರ ಡಬ್ಬಿಯಲ್ಲಿ ಅವಳ ಎದುರು ನಂದಗಡದ ಸಂತೆಗೆ ಹೊರಟ ಇಬ್ಬರು ಬುಟ್ಟಿಗಳನ್ನು ಕಾಲ ನಡುವೆ ಇಟ್ಟುಕೊಂಡು ಮರಾಠಿಯಲ್ಲಿ ಯಾರದೋ ಸೊಸೆಯನ್ನು ಬೈಯುತ್ತಿದ್ದರು. ಒಂದು ಬುಟ್ಟಿಯ ತುಂಬ ಉಳ್ಳಾಗಡ್ಡಿ. ಅದರ ವಾಸನೆಗೆ ಅವಳು ಕಿಟಕಿಯ ಕಡೆ ಸರಿದಳು. ಸರಿದದ್ದನ್ನು ಆ ಹೆಂಗಸು ಗಮನಿಸಿ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು. ಎಷ್ಟು ಜನ ಹೀಗೆ ತನಗಾಗಿ ಬುಟ್ಟಿ ಸರಿಸಿದ್ದಾರೆ. ಪುಣೆಯಲ್ಲಿ ಮೊದಲ ವರ್ಷದ ಮೊದಲ ಪ್ರಯೋಗವೇ ಉಳ್ಳಾಗಡ್ಡಿಯ ಪೊರೆ ಸುಲಿದು ಸೂಕ್ಷ್ಮದರ್ಶಕದ ಕೆಳಗೆ ಇಡುವುದು. ಇಪ್ಪತ್ತೆರಡು ಹುಡುಗರು ಸುಲಿದರು. ಅವಳು ಅದನ್ನು ಮೇಜಿನ ಮೇಲೆ ಇಟ್ಟುಕೊಂಡು, ಅದೊಂದು ಹುಣ್ಣು ಎಂಬಂತೆ ನೋಡುತ್ತ ಕೂತಳು. ಕಡೆಗೆ ಪ್ರಯೋಗಶಾಲೆಯ ಸಹಾಯಕ ಬಂದು ಸುಲಿದು ಗಾಜಿನ ಮೇಲೆ ಹರಡಿಕೊಟ್ಟ. ಅವಳು ಕಣ್ಣಿಟ್ಟು ನೋಡಿದಳು. ಇಟ್ಟಿಗೆ ಜೋಡಿಸಿದಂಥ ಕೋಶಗಳು, ಒಂದೊಂದರಲ್ಲೂ ಒಂದೊಂದು ಕಣ್ಣು. ತರಗತಿಯಲ್ಲೇ ಅತಿ ಚೆಂದದ ಚಿತ್ರ ಅವಳದಾಯಿತು. ಮರಾಠಿಯಲ್ಲಿ ಉಳ್ಳಾಗಡ್ಡಿಗೆ ಕಾಂದಾ; ಹುಡುಗರು ಅವಳಿಗೆ 'ಕಾಂದಾಬಾಯಿ' ಎಂದು ಹೆಸರಿಟ್ಟರು. ಆ ಹೆಸರು ನಾಲ್ಕು ವರ್ಷ ಅವಳ ಬೆನ್ನ ಹಿಂದೆ ನಡೆಯಿತು. ಈಗ ಇನ್ನೊಂದು ಹೆಸರು ಬರುತ್ತಿದೆ, ಲ್ಯಾಟಿನ್ನಿನಲ್ಲಿ.

ಹನ್ನೆರಡು ತುಂಬಿದ ವರ್ಷ ಅಜ್ಜಿಯೇ ಅವಳನ್ನು ಬಸದಿಯಲ್ಲಿ ಮುನಿಗಳ ಮುಂದೆ ಕೂರಿಸಿ ವ್ರತ ಕೊಡಿಸಿದ್ದಳು. ನೆಲದೊಳಗಿನ ಗಡ್ಡೆಯಲ್ಲಿ ಎಣಿಸಲಾಗದಷ್ಟು ಜೀವ ಒಂದೇ ಮೈಯಲ್ಲಿ ಕೂಡಿ ಉಸಿರಾಡುತ್ತವೆ. ತಿನ್ನಬಾರದು, ಅಗೆಯಬಾರದು. ಮನೆಗೆ ಬಂದ ಮೇಲೆ ಅಜ್ಜಿ ಮೂರು ಬೆರಳು ಮಡಚಿ ಹೇಳಿಕೊಟ್ಟಿದ್ದಳು: "ನಾವು ಮಾಡಬಾರದು. ಇನ್ನೊಬ್ಬರ ಕಡಿಂದ ಮಾಡಸಬಾರದು. ಮಾಡಿದವರನ್ನ ನೋಡಿ ಚಲೋ ಆತು ಅನಬಾರದು. ಮೂರೂ ಒಂದ ತೂಕ." ಮೊದಲ ಬೆರಳು ಮಾತ್ರ ಹುಡುಗಿಯ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿತ್ತು. ಎರಡನೆಯದನ್ನು ಕಾಲೇಜು ಮೆಲ್ಲಗೆ ಬಿಚ್ಚಿಬಿಟ್ಟಿತ್ತು.

ಹೋದ ವರ್ಷ ಇದೇ ದಿನಗಳು. ಬಯಲ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ದಾರಿ ತೋರಿಸಲು ಬಂದ ಮಾಯವ್ವನ ಕೆಂಪು ಸೀರೆ ನಾಲ್ಕು ಮಾರು ದೂರದಲ್ಲಿ ಬೂದಿಯಾಗಿ ಕಾಣುತ್ತಿತ್ತು. ಮಾಯವ್ವ ಆ ಬಯಲ ಕೆಳಗಿನ ಹಟ್ಟಿಯವಳು. ಜೇನು, ಸೀಗೆಕಾಯಿ, ಅಳಲೇಕಾಯಿ ಆಯ್ದು ತರಲು ಜಂಗಲ್ ಖಾತೆಯ ಪಾಸು ಇದ್ದವಳು. ಒಂದು ಕರಿಯ ಬಂಡೆಯ ಮಗ್ಗುಲಲ್ಲಿ, ಚಾಪೆಯಗಲದ ಮಣ್ಣಿನಲ್ಲಿ, ಗೇಣುದ್ದದ ಕಾಂಡಗಳ ಮೇಲೆ ಆ ಹೂಗಳು ನಿಂತಿದ್ದವು. ಹಸಿರು ಬೆರೆತ ಬಿಳಿ. ಕೆಳದುಟಿ ಮೂರು ಸೀಳಾಗಿ, ಅಕ್ಕಪಕ್ಕದ ಸೀಳುಗಳು ಹರಿದ ಜಾಲರಿಯಂತೆ. ಹಿಂದೆ ಇಳಿಬಿದ್ದ ಉದ್ದನೆಯ ಕೊಳವೆ, ತುದಿಯಲ್ಲಿ ಒಂದು ಹನಿ ಜೇನು. ಅವಳು ಮೊಣಕಾಲೂರಿ ಕೂತು ಮೊಗ್ಗುಗಳನ್ನು ನೋಡಿದಳು. ಮೊಗ್ಗಿನಲ್ಲಿ ಆ ತುಟಿ ಮೇಲುಮುಖವಾಗಿಯೇ ಇರುತ್ತದೆ; ಅರಳುವ ಹೊತ್ತಿಗೆ ಹೂವು ತನ್ನ ಬುಡವನ್ನು ತಾನೇ ಹುರಿಹಗ್ಗದಂತೆ ಅರ್ಧ ಸುತ್ತು ತಿರುಚಿಕೊಂಡು ಮುಖವನ್ನು ಬುಡಮೇಲು ಮಾಡಿಕೊಳ್ಳುತ್ತದೆ. ಪುಸ್ತಕದಲ್ಲಿ ಇದನ್ನು ಓದಿದಾಗಿನಿಂದ ಆ ಕುಲದ ಮೇಲೆ ಅವಳಿಗೆ ಒಂದು ಗುಟ್ಟಾದ ಮಮತೆ. ನಾಚಿಕೆಯವು ಎಂದುಕೊಂಡಿದ್ದಳು. ಹಾಗಲ್ಲ, ಪತಂಗ ಬಂದು ಕೂರಲು ಜಗುಲಿ ಬೇಕೆಂದು ಹಾಗೆ ತಿರುಗುತ್ತವೆ ಎಂದು ಗೊತ್ತಿದ್ದೂ.

ಗಡ್ಡೆ ಇಲ್ಲದ ಮಾದರಿ ಕೆಲಸಕ್ಕೆ ಬಾರದು ಎಂದು ಮಾಸ್ತರು ಮತ್ತೆಮತ್ತೆ ಹೇಳಿ ಕಳಿಸಿದ್ದರು. ಈ ಜಾತಿಗೆ ನೆಲದೊಳಗೆ ಎರಡು ಗಡ್ಡೆ: ಒಂದು ಕಪ್ಪಾಗಿ ಸುಕ್ಕಾದದ್ದು, ಈ ವರ್ಷದ ಹೂವಿಗೆ ತನ್ನನ್ನು ಕೊಟ್ಟು ಮುಗಿದದ್ದು, ಇನ್ನೊಂದು ಬೆಳ್ಳಗೆ, ತುಂಬಿಕೊಂಡದ್ದು, ಬರುವ ವರ್ಷದ್ದು. ಅವಳು ಎದ್ದಳು. "ಮಾಯವ್ವಾ, ಇವನ್ನ ಗಡ್ಡಿ ಸುದ್ದಾ ಅಗದು ಕೊಡತೀಯೇನು?" ಎಂದಳು. ಹೇಳಿ, ಬೆನ್ನು ಮಾಡಿ ನಿಂತಳು. ಮಂಜಿನಲ್ಲಿ ಏನೂ ಇರಲಿಲ್ಲ ನೋಡಲು. ಹಿಂದೆ ಕುರ್ಪಿ ಕಲ್ಲಿಗೆ ತಾಗುವ ಸದ್ದು, ಬೇರು ಕಿತ್ತುಬರುವ ಸಣ್ಣ ಸದ್ದು, ಮಾಯವ್ವನ ಏದುಸಿರು. ಸದ್ದು ಒಂದಕ್ಕೆ ನಿಲ್ಲಲಿಲ್ಲ. ಮೂರಕ್ಕೂ ನಿಲ್ಲಲಿಲ್ಲ. ಸಾಕು ಎನ್ನಬೇಕು ಎಂದುಕೊಂಡಳು. ಆದರೆ ಸಾಕು ಎನ್ನಲು ತಿರುಗಬೇಕು, ತಿರುಗಿದರೆ ಕಾಣುತ್ತದೆ, ಕಂಡರೆ ತಾನು ಮಾಡಿಸಿದಂತಾಗುತ್ತದೆ. ಮಣ್ಣಿನ ಹಸಿವಾಸನೆ ಮೂಗಿಗೆ ಬಂದಾಗ ಸೆರಗು ಮುಚ್ಚಿಕೊಂಡಳು. ಕಡೆಗೆ ಮಾಯವ್ವ "ಆತು ನೋಡ್ರಿ ಅಕ್ಕಾರ" ಎಂದಾಗ ತಿರುಗಿ ನೋಡಿದರೆ ಬುಟ್ಟಿಯಲ್ಲಿ ಹದಿನೇಳು. ಬಂಡೆಯ ಮಗ್ಗುಲು ಬರಿದಾಗಿತ್ತು.

ಮರಳಿ ನೆಡಬಹುದಿತ್ತು. ಮಳೆ ಜೋರಾಯಿತು, ಗಾಡಿಯ ಹೊತ್ತಾಯಿತು, ನೆಡಬೇಕಾದರೆ ಗಡ್ಡೆ ಮುಟ್ಟಬೇಕಿತ್ತು. ಮೂರನ್ನು ಮಾಸ್ತರಿಗೆ ಕೊಟ್ಟಳು. ಹದಿನಾಲ್ಕನ್ನು ಕಾಂಡ ಹಿಡಿದೆತ್ತಿ ಹಳೆಯ ಪತ್ರಿಕೆಗಳ ನಡುವೆ ಒತ್ತಿ ತನ್ನ ಟ್ರಂಕಿನ ತಳದಲ್ಲಿ ಇಟ್ಟಳು. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತೇನೋ. ಈ ವರ್ಷ ಮೃಗಶಿರಾ ಮಳೆ ಹಿಡಿದ ವಾರ, ಬೂಸ್ಟು ಹಿಡಿದೀತೆಂದು ಟ್ರಂಕು ತೆಗೆದಳು. ಒಂದು ಪತ್ರಿಕೆಯ ಮಡಿಕೆ ಉಬ್ಬಿತ್ತು. ಬಿಚ್ಚಿದರೆ, ಒಣಗಿ ಕಾಗದವಾದ ಗಿಡದ ಬುಡದಲ್ಲಿ ಬಿಳಿಯ ಗಡ್ಡೆಯೊಂದು ಮೊಳೆತಿತ್ತು. ಬೆರಳುದ್ದದ ಹಳದಿ ಮೊಳಕೆ, ಅಚ್ಚಿನ ಅಕ್ಷರಗಳ ಮೇಲೆ ಹರಿದು, ಬೆಳಕು ಎಲ್ಲಿದೆಯೆಂದು ತಿಳಿಯದೆ ಎರಡು ಕಡೆ ಡೊಂಕಾಗಿ. ಒಂದು ಕುಂಡ, ಒಂದು ಹಿಡಿ ಮಣ್ಣು ಸಾಕಿತ್ತು. ಹೊರಗೆ ಅವ್ವ ಯಾರೊಡನೆಯೋ ಮಾತಾಡುತ್ತ ಕೋಣೆಯ ಕಡೆ ಬರುತ್ತಿದ್ದಳು. ಇದು ಎಲ್ಲಿಂದ ಬಂತು, ಇನ್ನೆಷ್ಟಿವೆ ಎಂದು ಕೇಳುತ್ತಾರೆ. ರತ್ನಮಾಲಾ ಪತ್ರಿಕೆ ಮಡಚಿ, ಮೇಲೆ ಇನ್ನೆರಡು ಪುಸ್ತಕ ಹೇರಿ, ಟ್ರಂಕು ಮುಚ್ಚಿದಳು.

ಖಾನಾಪುರದ ಸ್ಟೇಷನ್ನಿನಲ್ಲಿ ಜಂಗಲ್ ಗಾರ್ಡ್ ಕಲ್ಲಯ್ಯ ಚಕ್ಕಡಿ ಹೂಡಿಸಿಕೊಂಡು ಕಾದಿದ್ದ. ದಪ್ಪ ಮೀಸೆ, ಹೊಸದಾಗಿ ಒಗೆದ ಖಾಕಿ. ಚಕ್ಕಡಿಯ ಹಿಂದುಗಡೆ ಮಾಯವ್ವ ಕೂತಿದ್ದಳು.

"ಬರ್ರಿ ಮಾಸ್ತರ್ರ, ಬರ್ರಿ ಅಕ್ಕಾರ, ಕುಂದರ್ರಿ. ಮೆತ್ತಗ ಹುಲ್ಲು ಹಾಸಸೇನಿ" ಎಂದ ಕಲ್ಲಯ್ಯ. "ಈ ನಮ್ಮ ಹಾಳು ಕಲ್ಲಬಯಲಾಗ ವಿಲಾಯತಿಗೆ ಹೋಗುವಂಥಾದ್ದು ಏನೈತ್ರಿ ಅದು? ನಾ ಹದಿನೈದು ವರ್ಷ ತಿರಗೇನಿ, ನನ್ನ ಹೆಸರು ಒಂದು ಮುಳ್ಳಕಂಟಿಗೂ ಯಾರೂ ಇಡಲಿಲ್ಲ."

"ನಿನ್ನ ಹೆಸರು ಇಟ್ಟರ ಅದನ್ನ ದನಾ ಸುದ್ದಾ ಮೂಸೂದಿಲ್ಲ" ಎಂದಳು ಮಾಯವ್ವ ಹಿಂದಿನಿಂದ. ಮಾಸ್ತರು ಗಹಗಹಿಸಿ ನಕ್ಕರು. ಮಾಯವ್ವ ರತ್ನಮಾಲಾಳ ಕಡೆ ತಿರುಗಿ, "ಆರಾಮ ಅದೀರೇನ್ರಿ ಅಕ್ಕಾರ? ಸೊರಗೀರಿ" ಎಂದಳು. ಆ ದನಿಯಲ್ಲಿ ಏನೂ ಇರಲಿಲ್ಲ, ಬರಿಯ ವಿಚಾರಣೆ. ಅದರಲ್ಲಿ ಏನಾದರೂ ಇದ್ದಿದ್ದರೆ ವಾಸಿಯಿತ್ತು.

ದಾರಿಯುದ್ದಕ್ಕೂ ಮಾಸ್ತರು ಮಾತಾಡಿದರು. ಈ ಹೂವಿನ ಪರಾಗ ಪುಡಿಯಲ್ಲ, ಎರಡು ಸಣ್ಣ ಗಂಟು. ಪತಂಗದ ತಲೆಗೆ ಅಂಟಿಕೊಂಡು ಇನ್ನೊಂದು ಹೂವಿಗೆ ಹೋಗುತ್ತವೆ. ಒಂದು ಕಾಯಲ್ಲಿ ಸಾವಿರಾರು ಬೀಜ, ಧೂಳಿಗಿಂತ ಸಣ್ಣವು. ಆದರೆ ತಾಯಿ ಅವಕ್ಕೆ ಬುತ್ತಿ ಕಟ್ಟಿ ಕಳಿಸುವುದಿಲ್ಲ. ಬಿದ್ದ ಮಣ್ಣಿನಲ್ಲಿ ಒಂದು ಬಗೆಯ ಬೂಸ್ಟು ಸಿಕ್ಕರಷ್ಟೇ ಅದರಿಂದ ಉಣಿಸಿಕೊಂಡು ಮೊಳೆಯುತ್ತವೆ. ಹೂ ಬರಲು ಎಷ್ಟು ವರ್ಷವೋ, ಯಾರಿಗೆ ಗೊತ್ತು. "ಹಿಮಾಲಯದ ಗಿಡ ಇಲ್ಲಿ ಹೆಂಗ ಬಂತು ಅಂತ ನನಗ ರಾತ್ರಿ ನಿದ್ದಿ ಹತ್ತವಲ್ತು, ತಂಗಿ. ನಾಕು ತಿಂಗಳ ಮಂಜು, ಗಾಳಿ, ಬರೇ ಕಲ್ಲು. ಆ ನಾಕು ತಿಂಗಳು ಈ ಬಯಲು ತಾನೂ ಹಿಮಾಲಯ ಅಂತ ತಿಳಕೊಂಡಿರತೈತಿ ನೋಡು." ಅವರು ತಮ್ಮ ಮಾತಿಗೆ ತಾವೇ ಸಂತೋಷಪಟ್ಟರು. ಈಗ ಹೇಳಿದರೆ? ಇಲ್ಲಿ, ಈ ಹೊಂಡದಲ್ಲಿ ಚಕ್ಕಡಿ ಕುಲುಕಿದಾಗ? ಆ ತಿರುವಿನಲ್ಲಿ? ಪ್ರತಿ ತಿರುವೂ ಹಿಂದಾಯಿತು. ಇಲ್ಲ, ಒಂದಾದರೂ ಉಳಿದಿರುತ್ತದೆ, ಮಾಯವ್ವ ನೋಡದೆ ಬಿಟ್ಟದ್ದು. ಇರಲಿ ಎಂದು ಅವಳು ಬೇಡಿಕೊಂಡಳು. ಯಾರನ್ನು ಎಂದು ತಿಳಿಯದೆ.

ಬಯಲ ಮೇಲೆ ಇಂದು ಮಂಜಿರಲಿಲ್ಲ. ಬಿಸಿಲು ಬಿದ್ದು ಕಪ್ಪು ಬಂಡೆಗಳು ಹೊಳೆಯುತ್ತಿದ್ದವು, ಹೊಂಡಗಳ ಸುತ್ತ ನೀಲಿ ಹೂಗಳ ಹಾಸು. ಎಲ್ಲವೂ ಅಷ್ಟು ಸ್ಪಷ್ಟವಾಗಿ ಕಾಣುತ್ತಿದ್ದುದು ಅವಳಿಗೆ ಬೇಕಂತಲೇ ಮಾಡಿದಂತೆ ತೋರಿತು. ಮಾಸ್ತರು ಕಚ್ಚೆ ಮೇಲೆತ್ತಿ ಕಟ್ಟಿ, ಬಾಗಿ, ಬಂಡೆಯಿಂದ ಬಂಡೆಗೆ ನಡೆದರು. ಅರ್ಧ ಗಂಟೆ. ಒಂದು ಗಂಟೆ. "ಇಲ್ಲೇನು ತಂಗಿ? ಅಲ್ಲೆ?" ಎನ್ನುತ್ತಿದ್ದರು. ಅವಳು "ಇಲ್ಲೆ ಎಲ್ಲೋ ಇರಬೇಕ್ರಿ" ಎಂದು ಬೇರೆ ಕಡೆಗೇ ಕೈ ತೋರಿಸಿದಳು. ಕರಿಯ ಬಂಡೆಯ ಕಡೆ ಕಲ್ಲಯ್ಯನೇ ತಾನಾಗಿ ಹೋದ. ಹೋಗಿ, "ಅಯ್ಯಯ್ಯೋ" ಎಂದು ಕೂಗಿ ಒಂದು ಕಾಲ ಮೇಲೆ ಕುಣಿದ. "ಕಾಲ ಮುರಕೊಂಡೆನಲ್ಲಪಾ! ಯಾವ ಸುಡಗಾಡ ಕುಣಿ ಇದು?"

ಹುಲ್ಲು ಸರಿಸಿದ. ಒಂದು ಕುಳಿ, ಅದರ ಪಕ್ಕ ಇನ್ನೊಂದು, ಇನ್ನೊಂದು. ನೀರು ತುಂಬಿದ್ದವು. ಕಲ್ಲಯ್ಯನ ಮುಖದ ನಗೆ ಹೋಯಿತು. "ಅಗದಾರ್ರಿ ಮಾಸ್ತರ್ರ. ಒಂದೂ ಬಿಡದಂಗ."

"ಹಂದಿ ಇರಬೇಕ್ರಿ" ಎಂದಳು ಮಾಯವ್ವ ಕೂಡಲೇ. ಹೇಳುವಾಗ ಅವಳು ರತ್ನಮಾಲಾಳನ್ನು ನೋಡಲಿಲ್ಲ. ನೋಡದಿರಲು ಜಾಗ್ರತೆ ವಹಿಸಿದಳು.

"ಹಂದಿ ಹಿಂಗ ಗುಂಡಗ, ನೆಟ್ಟಗ ಅಗೀತೈತೇನು? ಕುರ್ಪಿ ಕೊಟ್ಟಿದ್ದೇನು ನೀ ಹಂದಿ ಕೈಯಾಗ?" ಕಲ್ಲಯ್ಯ ತಿರುಗಿ ನಿಂತ. "ಮಾಸ್ತರ್ರ, ಈ ಬಯಲಿಗೆ ಪಾಸ್ ಇದ್ದಾಕಿ ಇಕಿ ಒಬ್ಬಾಕಿ. ಬಂಜೆಯರ ಔಷಧಕ್ಕ ಗಡ್ಡಿ ಮಾರತಾರ ಇವರು. ಕಾಯಿ, ಜೇನು ಅಂತ ಪಾಸಿನಾಗ ಬರದೈತಿ, ಗಡ್ಡಿ ಅಂತ ಬರದಿಲ್ಲ. ತಗಿ ಮಾಯವ್ವಾ ಪಾಸು."

"ನಾ ಮಾರಿಲ್ಲೋ ಯಪ್ಪಾ."

"ತಗಿ ಅಂದರ ತಗಿ. ರೇಂಜರ್ ಸಾಹೇಬರಿಗೆ ತೋರಸತೀನಿ. ಇನ್ನ ಮ್ಯಾಲೆ ಈ ಬಯಲು ಹತ್ತಿದರ ನೋಡು."

ಮಾಯವ್ವ ಸೆರಗಿನ ತುದಿಯ ಗಂಟು ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಎಳೆದಳು. ಎಣ್ಣೆಕಾಗದದಲ್ಲಿ ಸುತ್ತಿದ ಪಾಸು ಹೊರಬಂತು, ಅದರ ಮೇಲಿನ ನೀಲಿ ಮುದ್ರೆ. ಮಾಸ್ತರು ಕುಳಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಗು ಕಳಕೊಂಡವರಂತೆ "ಎಂಥಾ ಅನ್ಯಾಯ, ಎಂಥಾ ಅನ್ಯಾಯ" ಎನ್ನುತ್ತಿದ್ದರು. ರತ್ನಮಾಲಾಳಿಗೆ ಗಾಳಿ ಬಲಗೆನ್ನೆಗೆ ಬಡಿಯುತ್ತಿರುವುದು ಅರಿವಾಯಿತು. ಒಂದು ಕ್ಷಣದ ಹಿಂದೆ ಅದು ಎಡಗೆನ್ನೆಗೆ ಬಡಿಯುತ್ತಿತ್ತು. ಗಾಳಿ ದಿಕ್ಕು ಬದಲಿಸಿರಲಿಲ್ಲ. ಅವಳು ತಿರುಗಿ ನಿಂತಿದ್ದಳು. ಯಾರೂ ಹೇಳದೆ, ತಾನು ಬಯಸದೆ, ಹೋದ ವರ್ಷ ನಿಂತ ಅದೇ ಕಲ್ಲಿನ ಮೇಲೆ, ಅದೇ ಕಣಿವೆಗೆ ಮುಖ ಮಾಡಿ. ಬೆನ್ನ ಹಿಂದೆ ಕಾಗದ ಬಿಚ್ಚುವ ಸದ್ದು.

ತಿರುಗಿದಳು. "ನಾ ಅಗಸೀನ್ರಿ" ಎಂದಳು. ದನಿ ಬರಲಿಲ್ಲ. ಮತ್ತೆ, "ನಾ... ನಾ ಅಗಸಿದ್ದು. ಹೋದ ವರ್ಷ. ಹದಿನೇಳೂ."

ಮಾಸ್ತರು ತಲೆಯೆತ್ತಿ ಅವಳನ್ನು ನೋಡಿದರು. ಅವರ ಕಣ್ಣಲ್ಲಿ ನೀರಾಡಿತು; ಸಿಟ್ಟಿನದಲ್ಲ. "ನೋಡು ಕಲ್ಲಯ್ಯ" ಎಂದರು ಮೆಲ್ಲಗೆ. "ಇವತ್ತ ಇವರ ಕ್ಷಮಾದ ದಿನ. ಬಡವಿ ಪಾಸು ಹೋಗತೈತಿ ಅಂತ ತಾನ ಮೈಮ್ಯಾಲೆ ಹಾಕ್ಕೊಳ್ಳಾಕತ್ತಾಳ. ದೊಡ್ಡ ಮನಿತನದ ಹುಡುಗಿ. ಗಡ್ಡಿ ಮುಟ್ಟೂದಿಲ್ಲ ಈಕಿ, ಉಳ್ಳಾಗಡ್ಡಿ ಸುದ್ದಾ ಮುಟ್ಟಿದಾಕಿ ಅಲ್ಲ, ನನಗ ಗೊತ್ತಿಲ್ಲೇನು? ಮಾದರಿಗೆ ಮೂರು ತರಿಸಿದ್ದು ಖರೆ, ಇಕಿ ಹದಿನೇಳು ಗಡ್ಡಿ ಅಗಸತಾಳ?"

ಕಲ್ಲಯ್ಯ ಟೋಪಿ ತೆಗೆದು, ದೇವರ ಮುಂದೆ ನಿಂತವನಂತೆ ಅವಳನ್ನು ನೋಡಿದ. ಇಷ್ಟು ದಿನ ಹೆದರಿದ್ದು ಬೈಗುಳಕ್ಕೆ. ಹೊಗಳಿಕೆ ಬರಬಹುದೆಂದು ಅವಳು ಎಣಿಸಿರಲಿಲ್ಲ. ಈಗ ಸುಮ್ಮನಿದ್ದರೂ ಆಗುತ್ತಿತ್ತು, ಹೇಳಿಯಾಗಿತ್ತು, ನಂಬದಿದ್ದುದು ಅವರ ತಪ್ಪು. ಆ ಯೋಚನೆ ಬಂದದ್ದನ್ನೂ, ಅದು ಎಷ್ಟು ತಂಪಾಗಿತ್ತು ಎನ್ನುವುದನ್ನೂ ಅವಳು ಮುಂದೆ ಎಂದೂ ಮರೆಯಲಿಲ್ಲ. ಅವಳು ಬಂಡೆಯ ಬಳಿ ಹೋಗಿ ಮಣ್ಣಿನಲ್ಲಿ ಕೂತಳು. ಕಲ್ಲಯ್ಯ ಇನ್ನೂ ಹುಲ್ಲು ಸರಿಸದ ಕಡೆ ಕೈ ಹಾಕಿದಳು. "ಇಲ್ಲೆ ಐದು" ಎಂದಳು. ಹುಲ್ಲಿನಡಿಯಲ್ಲಿ ಐದು ಕುಳಿ ಸಿಕ್ಕವು. ಒಂದೊಂದರೊಳಗೂ ಬೆರಳು ಅದ್ದಿ ತೋರಿಸಿದಳು. "ಈ ಕಲ್ಲಿನ ಸಂದ್ಯಾಗ ಎರಡು. ಈ ಬಾಜು ನಾಕು, ಒಂದಕ್ಕ ಹೂ ಇರಲಿಲ್ಲ, ಮೊಗ್ಗು ಇತ್ತು." ಮೊಣಕೈ ತನಕ ಕೆಸರಾಯಿತು. ಎಣಿಸುತ್ತಲೇ ಹೋದಳು, ಹದಿನೇಳಾಗುವ ತನಕ. ತೊದಲಲಿಲ್ಲ. "ಮೂರು ನಿಮಗ ಕೊಟ್ಟೀನಿ. ಉಳದದ್ದು ನನ್ನ ಟ್ರಂಕಿನಾಗ ಅದಾವು. ಹೇರಳ ಅಂತ ಬರದದ್ದು ಸುಳ್ಳು."

ಮಾಸ್ತರ ಮುಖ ನಿಧಾನವಾಗಿ ಬದಲಾಯಿತು. ಅವರು ಏಳಲಿಲ್ಲ. ಕನ್ನಡಕ ತೆಗೆದು, ಧೋತರದ ತುದಿಯಿಂದ ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಕೇಳಿದರು: "ಟ್ರಂಕಿನಾಗಿನ ಹದಿನಾಕರಾಗ ಒಂದಕ್ಕರ ಜೀವ ಇತ್ತೇನು ತಂಗಿ?"

"ಇತ್ತು. ಮೃಗಶಿರಾ ಮಳಿಯಾಗ ಒಂದು ಮೊಳತಿತ್ತು."

"ಕುದಿಯೂ ನೀರಾಗ ಅದ್ದಿ ಆಮ್ಯಾಲೆ ಒತ್ತಬೇಕು ಅಂತ ಹೇಳಿದ್ನಲ್ಲ. ಅದ್ದಲಿಲ್ಲೇನು?"

"ಇಲ್ರಿ. ಜೀವ ಹೋಗತಾವು ಅಂತ."

ಕಲ್ಲಯ್ಯನಿಗೆ ನಗೆ ಬಂತು. ಒಂದೇ ಸಲ, ಗೊಳ್ಳನೆ. ಮಾಸ್ತರ ಮುಖ ನೋಡಿ ಅರ್ಧಕ್ಕೆ ನುಂಗಿಕೊಂಡ. ಮಾಸ್ತರು "ಈಗ?" ಎಂದರು.

"ಹೋಗೇತಿ. ನಾ ಮುಚ್ಚಿಟ್ಟೆ."

ಮಾಯವ್ವ ಮುಂದೆ ಬಂದು ಕಲ್ಲಯ್ಯನ ಕೈಯಿಂದ ಪಾಸನ್ನು ತಾನೇ ತೆಗೆದುಕೊಂಡಳು; ಅವನು ತಡೆಯಲಿಲ್ಲ. ಅವಳು ರತ್ನಮಾಲಾಳ ಎದುರು ನಿಂತಳು. ಈಗ ಅವಳ ದನಿಯಲ್ಲಿ ಬೆಳಿಗ್ಗೆ ಇಲ್ಲದ್ದು ಇತ್ತು. "ಒಂದು ಸಾಕು ಅಂದಿದ್ದರ ಒಂದ ಅಗೀತಿದ್ದೆ ಅಕ್ಕಾರ. ನನಗೇನು ಹಟ ಇತ್ತ? ಒಂದೊಂದು ಅಗಿಯೂ ಮುಂದ ನಿಮ್ಮ ಕಡೆ ನೋಡೀನಿ. ಹದಿನೇಳು ಸಲ ನೋಡೀನಿ. ನೀವು ಬೆನ್ನು ಮಾಡಿ ನಿಂತಿದ್ರಿ. ನಾ ಹೊಲಸ ಮಂದಿ, ನನ್ನ ಕೆಲಸ ನೋಡಬಾರದೇನೋ ಅಂತ ತಿಳಕೊಂಡೆ."

ರತ್ನಮಾಲಾ ಬಾಯಿ ತೆರೆದಳು. ಹಾಗಲ್ಲ, ಅದು ನಿನ್ನ ಸಲುವಾಗಿ ಅಲ್ಲ, ಗಡ್ಡೆಯ ಸಲುವಾಗಿ, ವ್ರತದ ಸಲುವಾಗಿ ಎಂದು ಹೇಳಬೇಕೆಂದುಕೊಂಡಳು. ಹೇಳಿದರೆ ಅದು ಇನ್ನೂ ಕೆಟ್ಟದಾಗಿ ಕೇಳುತ್ತದೆ ಎಂದು ಗೊತ್ತಾಯಿತು. ಬೆಳಿಗ್ಗೆಯಿಂದ ಎಷ್ಟೋ ಸಲ ಆಡಿದ್ದ ಆ ಎರಡು ಶಬ್ದಗಳನ್ನು ಹುಡುಕಿದಳು. ಎಣ್ಣೆ ಸವರಿದಂತೆ ಜಾರಿದ್ದವು ಈಗ ನಾಲಗೆಗೆ ಸಿಗಲಿಲ್ಲ. ಕೈ ಮಾತ್ರ ಮುಗಿದಳು. ಕೆಸರು ಅಂಗೈಗಳ ನಡುವಿನಿಂದ ಒಸರಿ ಮುಂಗೈ ಮೇಲೆ ಇಳಿಯಿತು.

ಮಾಯವ್ವ ಆ ಕೈಗಳನ್ನು ನೋಡಿದಳು. "ಕೈ ತೊಳ್ಕೋರಿ" ಎಂದಳು. "ಗಾಡಿ ಹೊತ್ತಾತು." ಪಾಸನ್ನು ಸೆರಗಿನ ತುದಿಗೆ ಸುತ್ತಿ ಒಂದು ಗಂಟು ಹಾಕಿ, ಅದರ ಮೇಲೆ ಇನ್ನೊಂದು ಗಂಟು ಬಿಗಿದು, ಚಕ್ಕಡಿಯ ದಾರಿ ಬಿಟ್ಟು ನೇರ ಹಟ್ಟಿಯ ಕಡೆಗೆ ಇಳಿದು ಹೋದಳು. ತಿರುಗಿ ನೋಡಲಿಲ್ಲ.

ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುವಾಗ ಅವಳು ಮಾಸ್ತರಿಗೆ ಒಂದೇ ಮಾತು ಕೇಳಿದಳು. "ಆ ಹೆಸರು ತಗಿಸರಿ."

"ಅಚ್ಚಾಗಿ ಹೋಗಿರತೈತಿ" ಎಂದರು ಅವರು, ಹಳಿಗಳನ್ನು ನೋಡುತ್ತ. "ನಮ್ಮ ಶಾಸ್ತ್ರದಾಗ ಒಮ್ಮೆ ಅಚ್ಚಾದ ಹೆಸರು ಅಳಸಾಕ ಬರೂದಿಲ್ಲ. ಇಟ್ಟವರಿಗೂ ಬರೂದಿಲ್ಲ, ಇಡಿಸಿಕೊಂಡವರಿಗೂ ಬರೂದಿಲ್ಲ." ಗಾಡಿಯ ಸೀಟಿ ಕೇಳಿಸಿದಾಗ, "ಲೇಬಲ್ ತಿದ್ದಬಹುದು. ನಾಳೆ ಬಾ, ಹದಿನಾಕೂ ತಗೊಂಡು ಬಾ. ಹೇರಳ ಅಂಬೂದರ ಮುಂದ ಏನು ಬರೀಬೇಕು, ನೀನ ಬರಿ. ನಾ ಹೇಳೂದಿಲ್ಲ" ಎಂದರು. ಹೆಂಗಸರ ಡಬ್ಬಿಯ ತನಕ ಬಂದು ಅವಳನ್ನು ಹತ್ತಿಸಿದರು. ಬೆಳಿಗ್ಗೆ ಹತ್ತಿಸಿದಂತೆ ತಲೆಯ ಮೇಲೆ ಕೈ ಇಡಲಿಲ್ಲ.

ಬೆಳಗಾವಿಯಲ್ಲಿ ಇಳಿಯುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಬೀದಿಯ ದೀಪದವನು ಏಣಿ ಹೊತ್ತು ಅವಳ ಮುಂದೆಯೇ ಗಲ್ಲಿ ಹೊಕ್ಕ. ದಾರಿಯಲ್ಲಿ ಎರಡು ಕಡೆ ನಲ್ಲಿ ಕಂಡಿತು, ನಿಲ್ಲಲಿಲ್ಲ. ಕೆಸರು ಒಣಗಿ ಬಿಳಿಚಿ, ಬೆರಳು ಮಡಚಿದಾಗ ಬಿರಿಯುತ್ತಿತ್ತು. ಉಗುರುಗಳ ಸಂದಿಯಲ್ಲಿ ಮಾತ್ರ ಇನ್ನೂ ಹಸಿಯಾಗಿ, ತಣ್ಣಗೆ ಉಳಿದಿತ್ತು. ಅಜ್ಜಿ ಹೊಸ್ತಿಲಲ್ಲೇ ಕೂತಿದ್ದಳು. ಊಟದ ತಟ್ಟೆ ಎತ್ತಿಟ್ಟಾಗಿತ್ತು.

"ಹೊತ್ತು ಮೀರಿಸಿದಿ" ಎಂದಳು ಅಜ್ಜಿ. ಆಮೇಲೆ, ಮೊಮ್ಮಗಳ ಮುಖ ನೋಡಿ, ದನಿ ಇಳಿಸಿ, "ಕ್ಷಮಾ ಕೇಳೂ ದಿನಾ ಹೊರಗ ಹೋಗಿದ್ದಿ. ಅಲ್ಲಿ ಮಂದಿಗರ ಕೇಳಿ ಬಂದೆಯೋ ಇಲ್ಲೋ?"

"ಕೇಳಿದೆ."

"ಏನಂದರು?"

ರತ್ನಮಾಲಾ ಸೆರಗಿನೊಳಗಿಂದ ಎರಡೂ ಕೈಗಳನ್ನು ಹೊರಗೆ ತೆಗೆದು ದೀಪದ ಬೆಳಕಿಗೆ ಹಿಡಿದಳು.

"ತೊಳ್ಕೋ ಅಂದರು" ಎಂದಳು.